ಜಡೇಸ್ವಾಮಿಯ ಎಡಗಾಲು

ಬಿಸಿನೀರು ಸುರಿದದ್ದಾಯಿತು, ಎಳ್ಳೆಣ್ಣೆ ತಿಕ್ಕಿದ್ದಾಯಿತು, ಆದರೂ ಮಂಡಿ ಬಗ್ಗಲಿಲ್ಲ. ಹಲಗೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಜಡೇಸ್ವಾಮಿಯ ಎಡಗಾಲು ಅಂಗಳದ ಕಡೆಗೆ ನೆಟ್ಟಗೆ ಚಾಚಿಕೊಂಡೇ ಇತ್ತು. ಅಣ್ಣ ವೃಷಭೇಂದ್ರಪ್ಪ ಪಂಚೆ ಎತ್ತಿ ಕಟ್ಟಿ ತೊಡೆಯನ್ನು ಅದುಮಿ ಹಿಡಿದ.

"ಬನ್ರಪ್ಪ, ಇಬ್ರು ಬಂದು ಕೆಳಿಕ್ ಒತ್ರಿ. ಒಂದ್ಸಲ ಲಟಕ್ ಅಂದ್ರೆ ಆಯ್ತು."

"ಬೇಡ ಭಾವ," ಎಂದಳು ವೀರಮ್ಮ, ಸತ್ತವನ ಹೆಂಡತಿ.

"ಬೇಡ ಅಂದ್ರೆ? ಕಾಲು ಮಡಿಸ್ದೆ ಗುಣೀಲಿ ಕೂರ್ಸಕ್ಕಾಯ್ತದ? ನಮ್ಮಲ್ಲಿ ಯಾರ್ನಾರ ಮಲಗ್ಸಿ ಮಣ್ ಮಾಡವ್ರಾ?"

"ಮಲಗ್ಸಿ ಅಂದ್ನಾ ನಾನು? ಮುರೀಬೇಡಿ ಅಂದೆ."

"ಸತ್ತೋನ್ಗೆ ನೋವಾಯ್ತದೇನವ್ವ?"

"ಅವರ್ಗಾಗಕಿಲ್ಲ. ಆ ಸದ್ದ ನಾನು ಒಂದ್ಸಲ ಕೇಳಿವ್ನಿ ಭಾವ. ಇನ್ನೊಂದ್ಸಲ ಕೇಳ್ನಾರೆ."

ಅವರಲ್ಲಿ ಸತ್ತವರನ್ನು ಪೂಜೆಗೆ ಕೂತಂತೆಯೇ ಚಕ್ಕಂಬಟ್ಟಲೆ ಹಾಕಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುವುದು. ಅವರ ಊರು ಅಗರದಲ್ಲಿ ಅಜ್ಜನ ಕಾಲದಿಂದ ನಡೆದು ಬಂದದ್ದು. ವೃಷಭೇಂದ್ರಪ್ಪನ ಮಾತಿನಲ್ಲಿ ತಪ್ಪಿರಲಿಲ್ಲ, ಅದು ವೀರಮ್ಮನಿಗೂ ಗೊತ್ತಿತ್ತು. ಕ್ರಿಯೆ ಮಾಡಿಸಲು ಬಂದಿದ್ದ ಮಹದೇವಯ್ಯನವರು ಇಬ್ಬರ ಮುಖವನ್ನೂ ನೋಡಿದರು.

"ಗುಣಿ ತೋಡಿದ್ದಾಗದೆ. ಚೌಕದ್ ಗುಣಿ, ಕಾಲೆಲ್ಲಿಡದು? ವಿಮಾನ ಕಟ್ಟಾಗೋಗಂಟ ಬುಡಿ. ಆಮೇಲ್ ನೋಡವ."

ಬೀದಿಯಲ್ಲಿ ಬಿದಿರು ಸೀಳಿ, ಹೆಣ ಕೂರಿಸಿಕೊಂಡು ಹೋಗುವ ವಿಮಾನ ಕಟ್ಟುತ್ತಿದ್ದರು. ಜಗುಲಿಯಲ್ಲಿ ಕೂತವರಿಗೆ ಅತ್ತದ್ದು ಸಾಕಾಗಿ ಮಾತು ಶುರುವಾಗಿತ್ತು.

"ಎಳಂದೂರ್ ಬಸ್ಸಲ್ಲಿ ಕಂಡಕ್ಟ್ರು ರೇಗ್ಸವ್ನು ಕಣ್ಲಾ, ಗಾರ್ಡಪ್ಪ, ಆ ಕಾಲ್ಗೂ ಒಂದ್ ಟಿಕೀಟ್ ತಕ, ಸೀಟ್ ತುಂಬ ಅದೇ ಅದೆ ಅಂತ."

"ಅದ್ಕೇನಂದ ಇವ್ನು?"

"ಕಾಲ್ಗೆ ಪಾಸ್ ಅದೆ, ಸರ್ಕಾರಿ ಕೆಲ್ಸದ್ ಮೇಲ್ ಓಯ್ತಾ ಅದೆ ಅಂದ!"

ನಗು ಬಂದು, ನಿಂತುಹೋಯಿತು. ಜಡೇಸ್ವಾಮಿಯ ಜೊತೆ ಕಾಡು ಕಾದವನು, ಬೆಟ್ಟದಿಂದ ಮೊದಲ ಬಸ್ಸಿಗೆ ಬಂದಿದ್ದ ವಾಚರ್ ಕ್ಯಾತಯ್ಯ, ಹೆಗಲ ಟವಲಿನಿಂದ ಕಣ್ಣೊರೆಸಿಕೊಂಡ. ಎದುರಿನ ಬೇವಿನ ಮರದ ಕೆಳಗೆ, ಸನಿಕೆ ಊರಿಕೊಂಡು, ದೊಡ್ಡಮಾದಪ್ಪ ನಿಂತಿದ್ದ. ಗುಣಿ ತೋಡಿ ಬಂದವನು ಅವನೇ. ಈಚಿನ ವರ್ಷಗಳಲ್ಲಿ ಅವನು ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ.

* * *

ಅದು ಕಾಡುಪ್ರಾಣಿಗಳನ್ನು ಕೊಲ್ಲಬಾರದೆಂಬ ಹೊಸ ಕಾನೂನು ಬಂದಿದ್ದ ಕಾಲ. ಅರಣ್ಯ ಇಲಾಖೆಯವರು ಜಡೇಸ್ವಾಮಿಯೂ ಸೇರಿ ಗಾರ್ಡುಗಳನ್ನೆಲ್ಲ ಬಿಳಿಗಿರಿರಂಗನ ಬೆಟ್ಟಕ್ಕೆ ಕರೆಸಿ ತರಬೇತಿ ಕೊಟ್ಟು, ಊರೂರಿಗೂ ಹೋಗಿ ಜನಕ್ಕೆ ತಿಳಿಹೇಳಿ ಎಂದು ಬಣ್ಣದ ಚಿತ್ರಗಳ ಸುರುಳಿ ಕೊಟ್ಟು ಕಳಿಸಿದರು. ಚಿತ್ರ ಬಿಚ್ಚಿದರೆ ಜನ ಆಕಳಿಸುತ್ತಿದ್ದರು. ಅದಕ್ಕೆ ಜಡೇಸ್ವಾಮಿ ತನ್ನದೇ ಒಂದು ಆಟ ಕಟ್ಟಿದ. ಹಸಿ ಬಿದಿರು ಬಗ್ಗಿಸಿ ಹಗ್ಗದ ಉರುಳು ಹೂಡಿ, ತಾನೇ ಜಿಂಕೆಯಾಗಿ ಬೆದರಿ ಬೆದರಿ ಬಂದು ಕಾಲಿಡುತ್ತಿದ್ದ. ದೊಪ್ಪನೆ ಬಿದ್ದು ಅರಚುತ್ತಿದ್ದ. ಜನ ಹೊಟ್ಟೆ ಹಿಡಿದು ನಕ್ಕ ಮೇಲೆ ಎದ್ದು ಕೂತು, ಮೆಲ್ಲಗೆ, ಜಿಂಕೆಯಾದರೆ ಹೀಗೆ ಏಳುತ್ತಿತ್ತೇ ಎಂದು ಕೇಳುತ್ತಿದ್ದ.

ಸ್ವಂತ ಊರಿನ ಚಾವಡಿಯ ಮುಂದೆ ಆಟ ನಡೆದ ದಿನ ದೊಡ್ಡಮಾದಪ್ಪ ಗುಂಪು ಸೀಳಿಕೊಂಡು ಬಂದ. ಕಾಡಂಚಿನ ಹೊಲದವನು. ಬೆಳೆಗೆ ಬರುವುದನ್ನು ಉರುಳಿಗೆ ಬೀಳಿಸುವುದರಲ್ಲಿ ಎತ್ತಿದ ಕೈ.

"ಅಗ್ಗದ್ ಉರ್ಳಲ್ಲಿ ಮೊಲಾನೂ ಬೀಳಕಿಲ್ಲ ಕಣ ಗಾರ್ಡಪ್ಪ. ಆಟ ಆಡಿದ್ರೆ ಸರ್ಯಾಗ್ ಆಡು. ತಕ, ನನ್ ತಂತಿ."

"ನೀನೇ ಹೂಡ್ಲಾ ಮತ್ತೆ," ಎಂದ ಜಡೇಸ್ವಾಮಿ, ನಗುತ್ತಲೇ.

ಸೈಕಲ್ ಬ್ರೇಕಿನ ತಂತಿ. ದೊಡ್ಡಮಾದಪ್ಪ ಕೈಗೆ ಪಳಗಿದ ಹಾಗೆಯೇ ಹೂಡಿದ, ಹೊಲದಲ್ಲಿ ಹೂಡುವ ಹಾಗೆಯೇ. ಜಡೇಸ್ವಾಮಿ ಬೆದರಿ ಬೆದರಿ ಬಂದು ಕಾಲಿಟ್ಟ. ಬಿದಿರು ಚಿಮ್ಮಿತು. ಎಡಗಾಲು ಮೇಲಕ್ಕೆ ಹೋಗಿ, ಆಳು ತಿರುಗಿ, ಮಂಡಿ ಚಾವಡಿ ಕಟ್ಟೆಯ ಕಲ್ಲಿಗೆ ಬಡಿಯಿತು. ಲಟಕ್ಕೆಂದಿತು. ಜಡೇಸ್ವಾಮಿ ಕೂಗಿಕೊಂಡ.

ಜನ ನಕ್ಕರು. ಇವತ್ತಿನ ಆಟ ಬಲು ಚೆನ್ನ ಎಂದು ನಕ್ಕರು. ಹೆಂಗಸರ ನಡುವೆ ಬಾಯಿಗೆ ಸೆರಗು ಒತ್ತಿಕೊಂಡು ವೀರಮ್ಮನೂ ನಕ್ಕಳು. ಮೊದಲು ನಗು ನಿಲ್ಲಿಸಿದವನು ದೊಡ್ಡಮಾದಪ್ಪ. ಉರುಳಿಗೆ ಬಿದ್ದದ್ದರ ನಿಜವಾದ ಕೂಗು ಆ ಗುಂಪಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಮೂಳೆ ಕಟ್ಟುವವನು ಕಟ್ಟಿದ. ಕೂಡಿತು, ಆದರೆ ಬಗ್ಗಲಿಲ್ಲ. ರೇಂಜರ್ ಸಾಹೇಬರು ವಿಚಾರಿಸಿದಾಗ ಜಡೇಸ್ವಾಮಿ, "ಕೆರೆ ಏರಿ ಮ್ಯಾಲಿಂದ ಜಾರ್ದೆ ಸಾ," ಎಂದ. ಮತ್ತೆ ಊರೂರು ತಿರುಗಿದ. ಆಟ ಬಿಟ್ಟ. ಕಟ್ಟೆಯ ಮೇಲೆ ಕೂತು ಕಾಲು ಚಾಚುತ್ತಿದ್ದ, ಅಷ್ಟೆ. "ನನ್ ಬುಡ್ಸಕ್ಕೆ ಊರೇ ಓಡ್ ಬಂತು ಕಣ್ರಪ್ಪ. ಜಿಂಕೇನ ಬುಡ್ಸಕ್ಕೆ ಯಾರ್ ಬತ್ತಾರು?" ಈಗ ಯಾರೂ ನಗುತ್ತಿರಲಿಲ್ಲ.

* * *

ವಿಮಾನ ಕಟ್ಟಾಯಿತು. ವೃಷಭೇಂದ್ರಪ್ಪ ಇಬ್ಬರು ಆಳುಗಳೊಡನೆ ಒಳಗೆ ಬಂದಾಗ ವೀರಮ್ಮ ಆ ಕಾಲನ್ನು ಮಡಿಲಿಗೆ ಹಾಕಿಕೊಂಡು ಕೂತಿದ್ದಳು.

"ಏಳವ್ವ, ಹೊತ್ತಾಯ್ತು."

"ಮುರಿಯದೇ ಆದ್ರೆ ಮೊದ್ಲು ನನ್ ಕೈ ಮುರೀರಿ."

"ನೋಡಿ ಅಯ್ನೋರೆ, ಊರೋರ್ ಮುಂದೆ ಇವ್ಳ ಮಾತ!"

ಬಾಗಿಲಲ್ಲಿ ನೆರಳು ಬಿತ್ತು. ದೊಡ್ಡಮಾದಪ್ಪ ಸನಿಕೆಯನ್ನು ಹೊರಗೆ ಒರಗಿಸಿ ಹೊಸ್ತಿಲು ದಾಟಿದ. ಯಾರ ಮುಖವನ್ನೂ ನೋಡದೆ ವೀರಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಕ್ಕ, ಒಸಿ ಕೈ ತಗಿ."

ವೀರಮ್ಮ ಅವನನ್ನೇ ನೋಡಿದಳು. ಆಮೇಲೆ ಕೈ ತೆಗೆದಳು. ಅವನು ತೊಡೆಯ ಬುಡದಿಂದ ಹಿಮ್ಮಡಿಯವರೆಗೆ ಮೊಳ ಹಾಕಿದ. ಮಂಡಿಯ ಗಂಟಿನ ಹತ್ತಿರ ಅವನ ಕೈ ನಿಂತಿತು. ಮತ್ತೆ ಮುಂದಕ್ಕೆ ಹೋಯಿತು.

"ಏನ್ಲಾ ಅಳೀತಿದ್ದಿಯೆ?" ಎಂದ ವೃಷಭೇಂದ್ರಪ್ಪ.

"ಗುಣಿಗೆ."

"ತೋಡಿವ್ನಿ ಅಂದೆ?"

"ಅದು ಬ್ಯಾರೇರ್ ಗುಣಿ. ಇವನ್ದು ಇನ್ನೂ ತೋಡಿಲ್ಲ."

ವೃಷಭೇಂದ್ರಪ್ಪ ಮಹದೇವಯ್ಯನವರ ಕಡೆ ತಿರುಗಿದ. ಅವರು ವಿಭೂತಿ ಗಟ್ಟಿಯನ್ನು ಉಜ್ಜುತ್ತಲೇ ಕೇಳಿದರು.

"ದಿನಾ ಬೆಳಿಗ್ಗೆ ಲಿಂಗಪೂಜೆಗೆ ಹೆಂಗ್ ಕೂರ್ತಿದ್ನಪ್ಪ ನಿನ್ ತಮ್ಮ?"

"ಹಿಂಗೇ. ಕಾಲು ಚಾಚ್ಕಂಡು."

"ಲಿಂಗಪ್ಪ ಬ್ಯಾಡ ಅಂದಿದ್ನಾ? ಹಂಗೇ ಕೂರ್ಲಿ ಬುಡು."

ದೊಡ್ಡಮಾದಪ್ಪ ಆಗಲೇ ಹೊರಟಿದ್ದ.

ವಿಮಾನ ಬೀದಿ ಹಿಡಿದಾಗ ಕಾಲೊಂದು ಮುಂದಕ್ಕೆ ಚಾಚಿಕೊಂಡೇ ಇತ್ತು. ತಿರುವುಗಳಲ್ಲಿ ಗೋಡೆಗೆ ತಾಗದ ಹಾಗೆ ಕ್ಯಾತಯ್ಯ ಅಡ್ಡ ಕೈ ಹಿಡಿದು ನಡೆದ. ತೋಟದ ಮೂಲೆಯಲ್ಲಿ ಚೌಕದ ಗುಣಿಯ ಒಂದು ಮಗ್ಗುಲನ್ನು ಸೀಳಿ, ಬೆಟ್ಟದ ದಿಕ್ಕಿಗೆ ಕಾಲುವೆಯಷ್ಟಗಲ ತೋಡಿತ್ತು. ಅದರೊಳಗೆ ಹೊಂಗೆ ಸೊಪ್ಪು ಹಾಸಿತ್ತು. ಕೂರಿಸಿದರು. ಕಾಲು ಸರಿಯಾಗಿ ಕೂತಿತು. ಅಂಗೈಗೆ ಲಿಂಗ ಬಂತು, ಹಣೆಗೆ ವಿಭೂತಿ, ತಲೆಯ ಮೇಲೆ ಪತ್ರೆ. ವೃಷಭೇಂದ್ರಪ್ಪ ಮೊದಲ ಹಿಡಿ ಮಣ್ಣು ಹಾಕುವಾಗ ಬಿಕ್ಕಿದ.

ಜನ ಮೀಯಲು ಕೆರೆಯ ಕಡೆ ನಡೆದರು. ಹೆಂಗಸರು ಎಬ್ಬಿಸಿದಾಗ ವೀರಮ್ಮ ಒಮ್ಮೆ ತಿರುಗಿ ನೋಡಿದಳು. ದೊಡ್ಡಮಾದಪ್ಪ ಒಬ್ಬನೇ ಉಳಿದು, ಹೊಸ ಮಣ್ಣು ಕುಸಿಯದ ಹಾಗೆ ಗುಡ್ಡೆಯ ಸುತ್ತ ತುಳಿದು ಗಟ್ಟಿಮಾಡುತ್ತಿದ್ದ. ಬೆಟ್ಟದ ದಿಕ್ಕಿನ ಆ ಉದ್ದನೆಯ ಮಗ್ಗುಲಿಗೆ ಬಂದಾಗ ಪಾದ ಎತ್ತಿದವನು ಹಿಂದಕ್ಕೆ ಇಟ್ಟ. ಮಂಡಿಯೂರಿ ಕೂತು, ಅಷ್ಟನ್ನು ಮಾತ್ರ ಅಂಗೈಯಿಂದ ಮೆಲ್ಲಗೆ ತಟ್ಟತೊಡಗಿದ.