ವರದಿಯ ಪ್ರಕಾರ

ಆಫೀಸಿನಲ್ಲಿ ಅವನಿಗೆ ತಕ್ಕಡಿ ಎಂಬ ಅಡ್ಡಹೆಸರು ಬಿದ್ದಿತ್ತು. ಇಟ್ಟವಳು ಪಕ್ಕದ ಮೇಜಿನ ಹುಡುಗಿ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದಳು. ಗೊತ್ತಾದರೂ ಅವನು ಸಿಟ್ಟಾಗಲಿಲ್ಲ ಎಂದು ಕಂಡ ಮೇಲೆ ಎದುರಿಗೇ ‘ತಕ್ಕಡಿ ಸರ್’ ಅನ್ನತೊಡಗಿದಳು. ಸಿಟ್ಟಾಗುವುದಿರಲಿ, ಅವನು ಒಳಗೊಳಗೇ ಉಬ್ಬಿಹೋಗಿದ್ದ. ಐವತ್ತು ದಾಟಿದ ಒಂಟಿ ಗಂಡಸಿಗೆ ಹೊಗಳಿಕೆ ತಮಾಷೆಯ ವೇಷದಲ್ಲಿ ಬಂದರೂ ಬೇಡವೆನ್ನಲು ಮನಸ್ಸು ಬರುವುದಿಲ್ಲ.

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಮಧ್ಯಾಹ್ನ ಬಿಸಿಲೇರಿದರೆ ಕೆಳಗಿನಿಂದ ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಅಲ್ಲಿ ನಡೆಯುತ್ತಿದ್ದದ್ದು ಫೋನಿನಲ್ಲಿ ಆಡುವ ಒಂದು ರಸಪ್ರಶ್ನೆ ಆಟದ ಕೆಲಸ. ಪ್ರಶ್ನೆಗಳನ್ನು ಆಡುವವರೇ ಕಳಿಸುತ್ತಿದ್ದರು. ಬಂದದ್ದು ನಿಜವೇ, ಉತ್ತರ ಒಂದೇ ಇದೆಯೇ, ಹಾಗೆ ಕೇಳುವುದು ನ್ಯಾಯವೇ ಎಂದು ನೋಡಿ ಒಳಗೆ ಬಿಡುವುದೋ ಹೊರಗೆ ಹಾಕುವುದೋ ಇವರ ಕೆಲಸ. ಹಿಂದೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದವನಿಗೆ ಇದು ಹೇಳಿ ಮಾಡಿಸಿದಂತಿತ್ತು.

ಜನ ಏನೇನು ಕಳಿಸುತ್ತಿದ್ದರು ಎಂದು ಹೇಳಹೊರಟರೆ ಮುಗಿಯುವ ಮಾತಲ್ಲ. ‘ಜಗತ್ತಿನ ಅತ್ಯುತ್ತಮ ತಾಯಿ ಯಾರು?’ ಉತ್ತರ: ನಮ್ಮಮ್ಮ. ‘ನನ್ನ ಹೆಂಡತಿ ಮುನಿಸಿಕೊಂಡರೆ ಎಷ್ಟು ದಿನ ಮಾತು ಬಿಡುತ್ತಾಳೆ?’ ಇದಕ್ಕೆ ಆ ಪುಣ್ಯಾತ್ಮ ನಾಲ್ಕು ಆಯ್ಕೆ ಬೇರೆ ಕೊಟ್ಟಿದ್ದ. ಒಂಟೆಯ ಡುಬ್ಬದಲ್ಲಿ ನೀರಿರುತ್ತದೆ ಎಂದು ಬರೆದವರಿಗೆ, ಇರುವುದು ಕೊಬ್ಬು ಎಂದು ತಿದ್ದಿ ಕಳಿಸಬೇಕಿತ್ತು. ಟೊಮೆಟೊ ಹಣ್ಣೋ ತರಕಾರಿಯೋ ಎಂದರೆ ಎರಡೂ ಸರಿ, ಹಾಗಾಗಿ ಪ್ರಶ್ನೆ ಅನ್ಯಾಯ, ಹೊರಗೆ. ತಕರಾರು ಬರಬಹುದಾದ ಪ್ರಶ್ನೆಗೆಲ್ಲ ಅವನು ಎರಡು ಪದ ಸೇರಿಸುತ್ತಿದ್ದ: ‘ವರದಿಯ ಪ್ರಕಾರ’. ಆಮೇಲೆ ತಲೆ ಮೇಲೆ ತಲೆ ಬಿದ್ದರೂ ಆಟದವರ ಮೇಲೆ ಮಾತು ಬರುವಂತಿರಲಿಲ್ಲ. ಉತ್ತರ ಕೊಟ್ಟ ಮೇಲೆ ಪರದೆಯಲ್ಲಿ ಒಂದು ಸಾಲಿನ ವಿವರಣೆ ಮೂಡುತ್ತದಲ್ಲ, ಅದನ್ನೂ ಅವನೇ ಬರೆಯುತ್ತಿದ್ದ. ಆ ಸಾಲುಗಳ ಬಗ್ಗೆ ಅವನಿಗೆ ಬಹಳ ಹೆಮ್ಮೆ.

ಮನೆಯಲ್ಲಿ ಇದ್ದದ್ದು ತಂಗಿಯೊಬ್ಬಳೇ. ಅವಳ ಗಂಡ ನದಿ ದಾಟಿಸುವ ಲಾಂಚಿನ ಚಾಲಕನಾಗಿದ್ದ. ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಲಾಂಚು ಸೇತುವೆಯ ಕಂಬಕ್ಕೆ ಗುದ್ದಿ ಮುಳುಗಿತು. ತುಂಬ ಜನ ಸತ್ತರು, ಚಾಲಕನೂ ಸತ್ತ. ಆಗ ಅಣ್ಣ ಹೊಟ್ಟೆಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಎದ್ದು ಓಡಾಡುವ ಹೊತ್ತಿಗೆ ಭಾವನ ಮಣ್ಣೂ ಆಗಿತ್ತು, ವಿಚಾರಣೆಯೂ ಮುಗಿದಿತ್ತು, ಚಾಲಕ ನಿದ್ದೆ ಹೋದದ್ದೇ ಕಾರಣವೆಂದು ತೀರ್ಮಾನವೂ ಆಗಿತ್ತು. ಸತ್ತವರ ಕಡೆಯವರು ಬೀದಿಯಲ್ಲಿ ತಂಗಿಯ ಮುಖಕ್ಕೇ ಬೈಯತೊಡಗಿದಾಗ ಅಣ್ಣ ತಂಗಿ ಇಬ್ಬರೂ ಆ ಊರು ಬಿಟ್ಟು ಈ ಊರಿಗೆ ಬಂದರು. ಇಲ್ಲಿ ಅವಳು ಯಾರ ಹೆಂಡತಿಯೆಂದು ಯಾರಿಗೂ ಗೊತ್ತಿರಲಿಲ್ಲ.

ಅವಳು ಹೊರಗೆ ಹೋಗುತ್ತಿದ್ದದ್ದು ಕಡಿಮೆ. ಬಟ್ಟೆ ಹೊಲಿದು ಕೊಡುತ್ತಿದ್ದಳು, ಬಿಡುವಾದಾಗ ಅಣ್ಣನ ಆಟ ಆಡುತ್ತಿದ್ದಳು. ಗಿಡಮರ, ಅಡುಗೆ, ಪ್ರಾಣಿ ಈ ಮೂರು ವಿಭಾಗಗಳಲ್ಲಿ ಅವಳನ್ನು ಸೋಲಿಸುವವರಿರಲಿಲ್ಲ. ಸರಿಯುತ್ತರಕ್ಕೆ ಫೋನು ಗಲಗಲ ಎಂದು ನಾಣ್ಯ ಸುರಿದ ಸದ್ದು ಮಾಡಿದರೆ ಅವಳ ಮುಖದಲ್ಲಿ ಒಂದು ಬೆಳಕು ಬರುತ್ತಿತ್ತು. ಆ ಬೆಳಕನ್ನು ನೋಡುವುದಕ್ಕೇ ಅವನು ಪಕ್ಕದಲ್ಲಿ ಕೂತಿರುತ್ತಿದ್ದ. ಅವಳಿಗೆ ಬದುಕಿನಲ್ಲಿ ಉಳಿದಿದ್ದ ಖುಷಿ ಅದೊಂದೇ, ಅದನ್ನು ತಾನು ಕೊಟ್ಟಿದ್ದೇನೆ ಎಂಬ ಸಮಾಧಾನ ಅವನಿಗೆ.

ಆ ಪ್ರಶ್ನೆ ಅವನ ಮೇಜಿಗೆ ಬಂದದ್ದು ಒಂದು ಸೋಮವಾರ. ‘ಕುಡಿದು ಮಲಗಿ ಲಾಂಚು ಮುಳುಗಿಸಿದ ಚಾಲಕ ಯಾವ ನದಿಯಲ್ಲಿ ಜನರನ್ನು ಕೊಂದ?’ ಎಂದು ಯಾರೋ ಬರೆದಿದ್ದರು. ಭಾವನ ಲಾಂಚಿನದೇ ಮಾತು.

ಇಂಥದ್ದಕ್ಕೆ ಆಫೀಸಿನಲ್ಲಿ ನಿಯಮ ಇತ್ತು. ತನ್ನ ಮನೆಯವರ ವಿಷಯ ಬಂದರೆ ತೀರ್ಪು ಕೊಡಕೂಡದು, ಪಕ್ಕದ ಮೇಜಿಗೆ ದಾಟಿಸಬೇಕು. ದಾಟಿಸಿದರೆ ಹುಡುಗಿ ಕಾರಣ ಕೇಳುತ್ತಾಳೆ, ಇಷ್ಟು ವರ್ಷ ಮುಚ್ಚಿಟ್ಟದ್ದು ಬಯಲಾಗುತ್ತದೆ. ಸುಮ್ಮನೆ ಹೊರಗೆ ಹಾಕೋಣವೆಂದರೆ ಅಲ್ಲೂ ತೊಡಕು. ಹೊರಗೆ ಹಾಕಿದ ಪ್ರಶ್ನೆಯನ್ನು ಯಾರು ಬೇಕಾದರೂ ಮತ್ತೆ ಕಳಿಸಬಹುದು, ಅವನು ರಜೆ ಹಾಕಿದ ದಿನ ಇನ್ನೊಬ್ಬರ ಮೇಜಿಗೆ ಹೋಗಿ ‘ಕುಡಿದು’ ಎಂಬುದರ ಸಮೇತ ಒಳಗೆ ಬಂದುಬಿಡಬಹುದು. ಅದೇ ಒಂದು ಪ್ರಶ್ನೆ ಒಳಗೆ ಕೂತಿದ್ದರೆ, ಆ ವಿಷಯದ ಮೇಲೆ ಬರುವ ಮಿಕ್ಕದ್ದನ್ನೆಲ್ಲ ‘ಈಗಾಗಲೇ ಇದೆ’ ಎಂದು ಯಂತ್ರವೇ ತಳ್ಳಿಬಿಡುತ್ತಿತ್ತು.

ಕೂದಲು ಸೀಳುವ ಬುದ್ಧಿ ಅಲ್ಲೇ ಚುರುಕಾಯಿತು. ತಾನೇ ಶುದ್ಧ ಮಾಡಿ ಒಳಗೆ ಬಿಟ್ಟರೆ ಹೊಲಸು ಪ್ರಶ್ನೆಗಳಿಗೆ ಬಾಗಿಲು ಮುಚ್ಚಿದಂತೆ ಎಂದುಕೊಂಡ. ತನಿಖಾ ವರದಿಯನ್ನು ಹುಡುಕಿ ತೆಗೆದು ಮೊದಲ ಬಾರಿಗೆ ಪೂರ್ತಿ ಓದಿದ. ಚಾಲಕ ಕುಡಿದಿರಲಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಆ ಪದವನ್ನು ಹೊಡೆದುಹಾಕಿದಾಗ ಭಾವನ ಮೈಮೇಲಿನ ಕೆಸರನ್ನು ತನ್ನ ಕೈಯಾರೆ ಒರೆಸಿದ ಹಾಗೆ ಅನ್ನಿಸಿ ಕಣ್ಣು ಒದ್ದೆಯಾಯಿತು. ಕಾರಣವನ್ನೇ ಕೇಳಿಬಿಟ್ಟರೆ ಕುಡಿತದ ಮಾತಿಗೆ ಜಾಗವೇ ಉಳಿಯದು ಎಂದುಕೊಂಡು ಬರೆದ: ‘ವರದಿಯ ಪ್ರಕಾರ ಲಾಂಚು ದುರಂತಕ್ಕೆ ಕಾರಣವೇನು?’ ಬಿರುಗಾಳಿ, ಎಂಜಿನ್ ದೋಷ, ಮಿತಿಮೀರಿದ ಜನ, ಚಾಲಕನ ನಿದ್ದೆ. ವಿವರಣೆಯ ಸಾಲನ್ನು ವರದಿಯಿಂದಲೇ ಎತ್ತಿಕೊಂಡ: ‘ಹಿಂದಿನ ರಾತ್ರಿ ಮನೆಯಲ್ಲಿ ಪೂರ್ತಿ ವಿಶ್ರಾಂತಿ ಪಡೆದಿದ್ದರೂ ಚಾಲಕ ಕರ್ತವ್ಯದ ವೇಳೆ ನಿದ್ದೆ ಹೋದ.’

ತಂಗಿಯ ಕಣ್ಣಿಗೆ ಬೀಳದಿರಲೆಂದು ಅದನ್ನು ‘ಸಾರಿಗೆ’ ವಿಭಾಗಕ್ಕೆ ಹಾಕಿ, ಅತಿ ಕಠಿಣ ಎಂದು ಗುರುತು ಮಾಡಿದ. ಅವಳು ಆ ಕಡೆ ತಲೆಯಿಟ್ಟೂ ಮಲಗುತ್ತಿರಲಿಲ್ಲ. ಗುಂಡಿ ಒತ್ತಿ, ದೊಡ್ಡ ಗಂಡಾಂತರ ತಪ್ಪಿಸಿದವನಂತೆ ಎದ್ದು ಹೋಗಿ ಚಹಾ ಕುಡಿದ.

ಆದರೆ ಆಡುವವರು ಸುಲಭವಾಗಿ ಉತ್ತರಿಸಿದರೆ ಯಂತ್ರ ತಾನಾಗಿಯೇ ಪ್ರಶ್ನೆಯ ಮಟ್ಟ ಇಳಿಸುತ್ತದೆ. ತೀರ ಸುಲಭವಾದದ್ದನ್ನು ಎಲ್ಲರಿಗೂ ತೋರಿಸುವ ‘ಇವತ್ತಿನ ಪ್ರಶ್ನೆ’ಗೆ ಎತ್ತಿಕೊಳ್ಳುತ್ತದೆ. ಇದು ಅವನಿಗೆ ಗೊತ್ತಿರದ ಸಂಗತಿಯಲ್ಲ. ಭಾವನ ನಿದ್ದೆಯ ಕತೆ ಇಷ್ಟು ಜನರಿಗೆ ಇನ್ನೂ ನೆನಪಿರುತ್ತದೆ ಎಂದು ಮಾತ್ರ ಅವನು ಲೆಕ್ಕ ಹಾಕಿರಲಿಲ್ಲ. ಲೋಕ ಒಳ್ಳೆಯದನ್ನು ಮರೆಯುವಷ್ಟು ಬೇಗ ಇಂಥದ್ದನ್ನು ಮರೆಯುವುದಿಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಅವನು ಪತ್ರಿಕೆ ಹಿಡಿದು ಕೂತಿದ್ದ. ತಂಗಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಫೋನು ತೆಗೆದಳು. ಸ್ವಲ್ಪ ಹೊತ್ತಿಗೆ ಗಲಗಲ ಎಂದು ನಾಣ್ಯ ಸುರಿಯಿತು, ‘ಶಭಾಷ್! ಹತ್ತು ಅಂಕ!’ ಎಂದು ಫೋನು ಕೂಗಿತು. ತಲೆ ಎತ್ತಿ ನೋಡಿದರೆ ಅವಳ ಮುಖದಲ್ಲಿ ಬೆಳಕಿರಲಿಲ್ಲ.

“ಏನು ಬಂತೇ ಪುಟ್ಟಿ?” ಎಂದ.

ಅವಳು ಫೋನನ್ನು ಅವನ ಕಡೆ ತಿರುಗಿಸಿ ಹಿಡಿದಳು. ಅವನು ಓದಬೇಕಾಗಿರಲಿಲ್ಲ.

“ಇದು ನಿನ್ನ ಬರವಣಿಗೆ ಅಲ್ವಾ?” ಎಂದಳು. “ವರದಿಯ ಪ್ರಕಾರ ಅಂತ ನೀನೇ ತಾನೇ ಹಾಕೋದು?”

“ಕುಡಿದಿದ್ದ ಅಂತ ಬರೆದಿದ್ರು ಕಣೆ. ಅದನ್ನ ತೆಗೆದೆ. ನಾನು ಕೈಬಿಟ್ಟಿದ್ರೆ ಬೇರೆ ಯಾರೋ ಹಾಗೇ ಹಾಕ್ಬಿಡೋರು. ಅದಕ್ಕೇ…” ಎಷ್ಟು ಸರಿಯಾಗಿ ಯೋಚಿಸಿ ಮಾಡಿದ್ದ ಕೆಲಸ ಬಾಯಿಂದ ಹೊರಬೀಳುವಾಗ ಎಷ್ಟು ಹೇಸಿಗೆಯಾಗಿ ಕೇಳುತ್ತದೆ ಎಂದು ಅವನಿಗೇ ಆಶ್ಚರ್ಯವಾಯಿತು.

“ಉತ್ತರ ಸರಿಯಾಗಿದೆ,” ಎಂದಳು ತಂಗಿ. “ನಿದ್ದೆ ಹೋಗಿದ್ದು ಹೌದು. ಅದನ್ನ ಒತ್ತುವಾಗ ನಂಗೇನೂ ಅನ್ನಿಸಲಿಲ್ಲ. ಕೆಳಗಿನ ಸಾಲು ತಪ್ಪು.”

“ವರದಿಯಲ್ಲಿ ಹಾಗೇ ಇದೆ ಪುಟ್ಟಿ. ನಾನೇ ಓದಿದೀನಿ.”

“ಇರುತ್ತೆ. ನಾನೇ ಹೇಳಿದ್ದು.”

ಅವನಿಗೆ ಅರ್ಥವಾಗಲಿಲ್ಲ. ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

“ಆ ರಾತ್ರಿ ಅವರು ಮನೇಲಿರಲಿಲ್ಲ ಅಣ್ಣ. ನಿನ್ನ ಹತ್ರ ಇದ್ರು. ನಂಗೆ ಜ್ವರ, ಏಳೋಕಾಗ್ತಿರಲಿಲ್ಲ. ರಾತ್ರಿಯೆಲ್ಲಾ ಯಾರಾದ್ರೂ ನೋಡ್ಕೋಬೇಕು, ಕಣ್ಣು ಮುಚ್ಚಬಾರದು ಅಂದಿದ್ರು ಡಾಕ್ಟ್ರು. ಅವರು ಮುಚ್ಚಲಿಲ್ಲ. ಬೆಳಿಗ್ಗೆ ಅಲ್ಲಿಂದಲೇ ಕೆಲಸಕ್ಕೆ ಹೋಗಿ ರಜ ಕೇಳಿದ್ರಂತೆ. ಬದಲಿ ಚಾಲಕ ಇಲ್ಲ, ಲಾಂಚ್ ಹತ್ತು ಅಂದ್ರಂತೆ.”

“ಆ ರಾತ್ರಿ ನನ್ನ ಹತ್ರ ನೀನು ಕೂತಿದ್ದೆ ಅಂದಿದ್ದೆಯಲ್ಲೇ! ಇಷ್ಟು ವರ್ಷ…”

“ಅಂದಿದ್ದೆ. ವಿಚಾರಣೇಲಿ ಕೇಳಿದ್ರು, ಹಿಂದಿನ ರಾತ್ರಿ ಎಲ್ಲಿದ್ದ ಅಂತ. ಹೊರಗಡೆ ಸತ್ತವರ ಮನೆಯವರು ಕಲ್ಲು ಹಿಡ್ಕೊಂಡು ನಿಂತಿದ್ರು. ಆಸ್ಪತ್ರೆ ಅಂತ ಬಾಯಿ ಬಿಟ್ರೆ ನಿನ್ನ ಮಂಚದ ಹತ್ರಾನೇ ಬರ್ತಿದ್ರು. ನೀನು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಹೋದವರು ಹೋದ್ರು, ಇರೋನಾದ್ರೂ ಉಳೀಲಿ ಅಂತ ಮನೇಲಿ ಚೆನ್ನಾಗಿ ಮಲಗಿದ್ರು ಅಂದ್ಬಿಟ್ಟೆ. ಆಮೇಲೆ ರಜದ ವಿಷಯ ಯಾರೂ ಕೇಳಲೇ ಇಲ್ಲ. ಚೆನ್ನಾಗಿ ಮಲಗಿದ್ದೋನಿಗೆ ರಜ ಯಾಕೆ?”

ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು. ಅರೆಬರೆ ಹೊಲಿದ ಅಂಗಿಯನ್ನು ಎಳೆದುಕೊಂಡು ಯಂತ್ರ ತುಳಿಯತೊಡಗಿದಳು. ಅವನು ಕೂತಲ್ಲೇ ಕೂತಿದ್ದ. ಯಾವನು ತನಗಾಗಿ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲವೋ ಅವನನ್ನೇ ಕಣ್ತುಂಬ ನಿದ್ದೆ ಮಾಡಿ ಮತ್ತೂ ಮಲಗಿದವನೆಂದು ತಾನು ಮೊಹರು ಒತ್ತಿ ಊರಿಗೆಲ್ಲ ಹಂಚಿದ್ದ. ಅದೂ ಒಂದು ಚಹಾದ ನೆಮ್ಮದಿಯಲ್ಲಿ. ತನ್ನ ಮೇಲೆ ತನಗೇ ಇಷ್ಟು ಅಸಹ್ಯ ಅವನಿಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಮರುದಿನ ಎಲ್ಲರಿಗಿಂತ ಮುಂಚೆ ಆಫೀಸಿಗೆ ಹೋದ. ಒಳಗೆ ಬಿಟ್ಟ ಪ್ರಶ್ನೆಯನ್ನು ತೆಗೆಯಲು ಇನ್ನೊಬ್ಬರ ಒಪ್ಪಿಗೆ ಬೇಕಿತ್ತು. ಹುಡುಗಿ ಬಂದು ಚೀಲ ಇಡುವುದಕ್ಕೂ ಬಿಡದೆ ಎಲ್ಲವನ್ನೂ ಹೇಳಿಬಿಟ್ಟ: ತಂಗಿ, ಭಾವ, ಆಸ್ಪತ್ರೆ, ತಾನು ಮುರಿದ ನಿಯಮ. ಅವಳು ನಿಂತೇ ಕೇಳಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಹೇಳಬಾರದು. ಕುರ್ಚಿ ಎಳೆದುಕೊಂಡು ಪ್ರಶ್ನೆ ತೆರೆದಳು, ವರದಿ ತೆರೆದಳು, ಬಹಳ ಹೊತ್ತು ನೋಡಿದಳು.

“ಪ್ರಶ್ನೆ ತಪ್ಪಿಲ್ಲ ಸರ್,” ಎಂದಳು ಕೊನೆಗೆ. “ನಿದ್ದೆ ಅನ್ನೋದನ್ನ ನಿಮ್ಮ ತಂಗೀನೂ ಒಪ್ತಾರೆ.”

“ಆ ಸಾಲು ತಪ್ಪಲ್ಲವೇನಮ್ಮ? ಅವರು ಮಲಗಿರಲಿಲ್ಲ.”

“ಅದಕ್ಕೆ ಆಧಾರ?”

“ನನ್ನ ತಂಗಿ ಹೇಳಿದ್ದಾಳೆ.”

ಹುಡುಗಿ ತುಟಿ ಕಚ್ಚಿಕೊಂಡಳು. “ವರದಿಗೂ ಅವರೇ ಅಲ್ವಾ ಸರ್ ಆಧಾರ? ಒಬ್ಬರೇ ಎರಡು ಥರ ಹೇಳಿದ್ರೆ, ಆಗಿನ ಕಾಲದಲ್ಲಿ ಅಚ್ಚಾಗಿದ್ದನ್ನೇ ಹಿಡೀಬೇಕು ಅಂತ ನೀವೇ ಹೇಳಿಕೊಟ್ಟಿದ್ದು. ನಾನು ಏನ್ ಮಾಡ್ಲಿ ಹೇಳಿ?”

ಅವಳು ನಿಜವಾಗಿಯೂ ಕೇಳುತ್ತಿದ್ದಳು. ತೆಗೆದುಬಿಡಿ ಎಂದು ಅವನು ಒಂದು ಮಾತು ಅಂದಿದ್ದರೆ ಕಣ್ಣು ಮುಚ್ಚಿ ತೆಗೆಯುತ್ತಿದ್ದಳು. ಆದರೆ ತೆಗೆದರೆ ಜಾಗ ಖಾಲಿಯಾಗುತ್ತದೆ, ನಾಳೆಯೇ ಯಾರೋ ‘ಕುಡಿದು’ ಎಂದು ಮತ್ತೆ ಕಳಿಸುತ್ತಾರೆ. ಆ ಸಾಲನ್ನಾದರೂ ಅಳಿಸೋಣ ಎಂದ. ವಿವರಣೆಯ ಸಾಲೊಂದನ್ನು ಇಬ್ಬರೂ ಸೇರಿ ಅಳಿಸಿದರು. ವಿವರಣೆ ಕಡ್ಡಾಯವಲ್ಲ, ಅದಕ್ಕೆ ಆಧಾರ ಕೇಳುವವರಿರಲಿಲ್ಲ. ಪ್ರಶ್ನೆ ಇದ್ದಲ್ಲೇ ಉಳಿಯಿತು. ಅವತ್ತಿಡೀ ಹುಡುಗಿ ಅವನನ್ನು ಬರೀ ‘ಸರ್’ ಎಂದಷ್ಟೇ ಕರೆದಳು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ ಆದದ್ದನ್ನೆಲ್ಲ ಹೇಳಿದ. ತಂಗಿ ತಟ್ಟೆ ಹಾಕಿದಳು, ಬಡಿಸಿದಳು.

“ನಂಗೊತ್ತಿತ್ತು,” ಎಂದಳು. “ಅವರ ಪರವಾಗಿ ಮಾತಾಡೋಕೆ ಇದ್ದೋಳು ನಾನೊಬ್ಬಳೇ. ನಾನೇ ಹಾಗಂದ ಮೇಲೆ ಇನ್ನು ಯಾರು ಏನು ಮಾಡ್ತಾರೆ? ಆ ಹುಡುಗೀದೇನೂ ತಪ್ಪಿಲ್ಲ ಬಿಡು.”

ಅವನು ಅನ್ನಕ್ಕೆ ಕೈ ಹಾಕದೆ ಕೂತಿದ್ದ. “ನನ್ನಿಂದ ಆಯ್ತಲ್ಲೇ ಇದೆಲ್ಲ. ನಾನು ಅವತ್ತೇ ಹೋಗಿಬಿಟ್ಟಿದ್ರೆ ಚೆನ್ನಾಗಿರ್ತಿತ್ತು.”

“ಬಾಯಿ ಮುಚ್ಚು! ನೀನು ಹೋಗದೇ ಇರಲಿ ಅಂತಾನೇ ಅವರು ಎಚ್ಚರ ಇದ್ದಿದ್ದು. ಇನ್ನೊಂದ್ಸಲ ಹೀಗಂದ್ರೆ ನೋಡು.” ಗದರಿಸಿದವಳು ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿದಳು. ಇಬ್ಬರೂ ಉಂಡರು, ಉಂಡಂತೆ ಮಾಡಿದರು.

ಕೈ ತೊಳೆದು ಬಂದು ಅವಳು ಫೋನನ್ನು ಕೈಗೆತ್ತಿಕೊಂಡಳು, ಆಟ ತೆರೆಯಲಿಲ್ಲ. ಅದನ್ನು ಹಿಡಿದುಕೊಂಡೇ ಏನೋ ಯೋಚಿಸುತ್ತ ನಿಂತಳು.

“ಅಣ್ಣ, ಒಂದು ಕೇಳ್ತೀನಿ. ಅದನ್ನ ಒತ್ತಿದ್ದಕ್ಕೆ ನಂಗೆ ಹತ್ತು ಅಂಕ ಬಂತಲ್ಲ. ವಾಪಸ್ ಕೊಡೋಕೆ ದಾರಿ ಇದ್ಯಾ?”

ಆಟದ ನಿಯಮಗಳಷ್ಟೂ ಅವನಿಗೆ ಬಾಯಿಪಾಠ. ಆದರೂ ಮೊದಲಿಂದ ಕೊನೆಯವರೆಗೆ ಒಮ್ಮೆ ಮನಸ್ಸಿನಲ್ಲೇ ಹುಡುಕಿದ. ಅವಳು ಕಾಯುತ್ತಿದ್ದಳು.

“ಇಲ್ಲ ಕಣೆ,” ಎಂದ.