ಖಾಲಿ ಬುಕ್ಲಿಯಾ

ಮಗಳ ಮದುವೆಗೆ ಅಣ್ಣನನ್ನು ಕರೆಯಲು ಮಿಲಿಸಾವ್ ಸ್ವೀಡನ್ನಿಗೆ ಹೊರಟ. ಫೋನಿನಲ್ಲಿ ಕರೆದರೆ ಕರೆದ ಹಾಗಲ್ಲ. ಬಣ್ಣದ ಟೇಪು ಸುತ್ತಿದ ಬುಕ್ಲಿಯಾ ಎಂಬ ಮರದ ಹೂಜಿಯಲ್ಲಿ ಮನೆಯಲ್ಲೇ ಇಳಿಸಿದ ಹಣ್ಣಿನ ಸಾರಾಯಿ ರಾಕಿಯಾ ತುಂಬಿಕೊಂಡು ಬಾಗಿಲಿಗೇ ಹೋಗಬೇಕು. ಒಂದು ಗುಟುಕು ಕುಡಿದವನು ಮದುವೆಗೆ ಬರಲೇಬೇಕು. ಕುಡಿದಷ್ಟನ್ನು ತನ್ನ ಮನೆಯದರಿಂದ ತುಂಬಿಯೂ ಕೊಡಬೇಕು.

ಊರಲ್ಲೆಲ್ಲ ಕರೆದು ಮುಗಿದಿತ್ತು. ಉಳಿದವನು ಅಣ್ಣ ದೊಬ್ರಿವೋಯೆ ಒಬ್ಬನೇ. ಅಪ್ಪನ ಪ್ಲಮ್ ತೋಟ ಕಡಿದು ಮಿಲಿಸಾವ್ ರಾಸ್ಪ್‌ಬೆರಿ ಹಾಕಿದಂದಿನಿಂದ ಅವನು ತಮ್ಮನ ಜೊತೆ ಮಾತು ಬಿಟ್ಟಿದ್ದ. ಮಗಳೋ, "ದೊಡ್ಡಪ್ಪ ಬರದಿದ್ರೆ ನಾನು ಚರ್ಚಿನ ಮೆಟ್ಟಿಲು ಹತ್ತಲ್ಲ" ಎಂದು ಹಟ ಹಿಡಿದು ಕೂತಿದ್ದಳು.

"ಪೆಟ್ಟಿಗೇಲಿಟ್ಟು ಲಗೇಜಿಗೆ ಹಾಕ್ರೀ" ಎಂದು ಹೆಂಡತಿ ಬಡಕೊಂಡಳು.

"ಬುಕ್ಲಿಯಾನ ಚಪ್ಪಲಿ ಜೊತೆ ತುಂಬ್ತಾರೇನೇ? ಕೈಯಲ್ಲೇ ಇರಬೇಕು ಅದು."

ಇದ್ದದ್ದು ಒಂದು ಕೈಚೀಲ, ಒಂದು ಬುಕ್ಲಿಯಾ. ಬೆಲ್‌ಗ್ರೇಡ್ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ತಡೆದಳು.

"ಅಜ್ಜ, ಇಷ್ಟೊಂದು ಒಳಗೆ ಬಿಡಲ್ಲ. ಆ ಡಬ್ಬಕ್ಕೆ ಸುರೀರಿ."

"ಇದು ಮದುವೆಗೆ ಕರೆಯೋ ಬುಕ್ಲಿಯಾ ಕಣಮ್ಮ."

"ಕಾಣಲ್ವಾ ನಂಗೆ? ನಮ್ಮಣ್ಣನ ಮದುವೇಲೂ ಹಿಡಿದು ತಿರುಗಿದೀವಿ. ಲಗೇಜಿಗೆ ಹಾಕಬೇಕಿತ್ತು, ಈಗ ಹೊತ್ತು ಮೀರಿದೆ."

ಹೆಂಡತಿ ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವ ಕಷ್ಟ ಬೇರೆ. ಮಗಳ ಮದುವೆಯ ರಾಕಿಯಾವನ್ನು ಕಸದ ಡಬ್ಬಕ್ಕೆ ಸುರಿಯಲು ಅವನಿಗೇನು ತಲೆ ಕೆಟ್ಟಿತ್ತೆ? ತಾನೇ ಕುಡಿದರೆ ಅಣ್ಣನ ಬಾಗಿಲಲ್ಲಿ ತೂರಾಡಬೇಕಾಗುತ್ತದೆ. ಸರಸರನೆ ಹೊರಗೆ ಬಂದು ನಿಂತಿದ್ದ ಟ್ಯಾಕ್ಸಿಯವರ ಮುಂದೆ ಹಿಡಿದ. ಮೂವರು ಖಾಲಿ ಮಾಡಿದರು. ಬುಕ್ಲಿಯಾದಿಂದ ಕುಡಿದವರನ್ನು ಕರೆಯದೆ ಬಿಡಲಾದೀತೇ? ಊರು, ದಿನ ಎಲ್ಲ ಹೇಳಿದ.

"ನಾವೀಗ ಗಾಡಿ ಓಡಿಸೋ ಹಾಗಿಲ್ಲ" ಎಂದ ಒಬ್ಬ, ಬಾಯಿ ಒರೆಸಿಕೊಂಡು. "ಮದುವೆಗೆ ಮಾತ್ರ ಬಂದೇ ಬರ್ತೀವಿ ಯಜಮಾನ್ರೇ."

ಒಳಗೆ ಹೋದಾಗ ಮದ್ಯದಂಗಡಿ ಎದುರಾಯಿತು. ಒಂದು ಗಳಿಗೆ ನಿಂತ. ಅಂಗಡಿಯದನ್ನು ತುಂಬಿದರೆ ಅಣ್ಣ ಮೂಸಿ ನೋಡಿ ಮುಖಕ್ಕೇ ಎರಚುವವನು. ಹಾಗೇ ವಿಮಾನ ಹತ್ತಿದ.

ಸ್ವೀಡನ್ನಿನ ಮಾಲ್ಮೋದಲ್ಲಿ ದೊಬ್ರಿವೋಯೆ ಬಾಗಿಲು ತೆಗೆದ. ತಮ್ಮನನ್ನು ನೋಡಲಿಲ್ಲ, ಬುಕ್ಲಿಯಾ ನೋಡಿದ. ಕೈಗೆ ತಗೊಂಡು ಅಲ್ಲಾಡಿಸಿದ.

"ಗಾಳಿ ತುಂಬ್ಕೊಂಡು ಬಂದಿದೀಯಾ?"

"ವಿಮಾನಕ್ಕೆ ಬಿಡಲಿಲ್ಲಣ್ಣ. ಟ್ಯಾಕ್ಸಿಯವರಿಗೆ ಕುಡಿಸಿಬಿಟ್ಟೆ."

"ಪೆಟ್ಟಿಗೇಲಿ ಹಾಕೋಕೆ ಏನಾಗಿತ್ತೋ, ದಡ್ಡ?"

"ಬುಕ್ಲಿಯಾನ ಪೆಟ್ಟಿಗೇಲಿ ಹಾಕ್ತಾರಾ?"

ದೊಬ್ರಿವೋಯೆ ತಾನಾಗಿದ್ದರೂ ಹಾಕುತ್ತಿರಲಿಲ್ಲ. ಆದರೆ ಖಾಲಿ ಬುಕ್ಲಿಯಾ ಹಿಡಿದು ಕರೆಯಲು ಬಂದವನನ್ನು ಹಾಗೇ ವಾಪಸು ಕಳಿಸಿದರೂ ಕೇಳುವವರಿಲ್ಲ. ಮಿಲಿಸಾವ್‌ಗೂ ಅದು ಗೊತ್ತಿತ್ತು.

"ತೋಟದ ವಿಷಯ ನನ್ನನ್ನೇ ಬಯ್ಯಿ. ಹುಡುಗಿ ಏನು ಮಾಡಿದ್ದಾಳೆ? ನಿನ್ನನ್ನೇ ಕೇಳ್ತಾಳೆ."

ಅಣ್ಣ ಬುಕ್ಲಿಯಾ ಹಿಡಿದು ಒಳಗೆ ಹೋದ. ಬರುವಾಗ ಇನ್ನೊಂದು ಕೈಯಲ್ಲಿ ಧೂಳು ಹಿಡಿದ ಬಾಟಲಿ.

"ಅಪ್ಪನ ತೋಟದ ಹಣ್ಣಿಂದು. ನೀನು ಕೊಡಲಿ ಹಾಕೋಕೆ ಮುಂಚಿನದು. ಇದೊಂದೇ ಉಳಿದಿರೋದು."

ಬಗ್ಗಿ, ಹನಿ ಚೆಲ್ಲದ ಹಾಗೆ ಬುಕ್ಲಿಯಾದ ಕಂಠದವರೆಗೂ ಸುರಿದ. ಬಿರಡೆ ಹಾಕಿ, ಟೇಪು ಸರಿಮಾಡಿ, ತಮ್ಮನ ಕೈಗಿಟ್ಟ. ಆಮೇಲೆ ಬಾಗಿಲು ಹಾಕಿಕೊಂಡ.

"ಈಗ ತಟ್ಟೋ" ಎಂದ ಒಳಗಿನಿಂದ. "ತಟ್ಟಿ ಕರಿ."