ಮೇಜಿನ ಕೆಳಗಿನ ಕೈ

ಸಾರಿನ ಹಬೆ ಮುಖಕ್ಕೆ ಬಡಿಯುತ್ತಿದೆ, ಮೂಲಂಗಿ, ಒಣಮೀನು, ಚೆನ್ನಾಗಿದೆ ಅನ್ನಬೇಕು, ಆದರೆ ಯಾರೂ ಇನ್ನೂ ಚಮಚ ಮುಟ್ಟಿಲ್ಲ, ಅಜ್ಜಿ ಮುಟ್ಟುವ ತನಕ ಮುಟ್ಟುವಂತಿಲ್ಲ, ಪಕ್ಕದಲ್ಲಿ ಮಗಳು ಹ್ಯೆರಿಮ್, ಎದುರಿಗೆ ಬೀಗರಾಗಲಿರುವವರ ಸಾಲು, ಹುಡುಗ ತೆಗ್ಯೊಂಗ್, ಅವನ ಅಪ್ಪ ಅಮ್ಮ, ನಡುವೆ ಅವನ ಅಜ್ಜಿ, ನೆಟ್ಟಗೆ, ಬಿಳಿಕೂದಲು ಬಲಗಿವಿಯ ಹತ್ತಿರ ಒಂದಿಷ್ಟು ಗಿಡ್ಡ — ಕ್ಷೌರಿಕನ ಕಣ್ಣಿಗೆ ಬೇರೇನು ಬೀಳುತ್ತೆ, ಥೂ, ಹಿರಿಯರ ತಲೆಯನ್ನು ಹೀಗೆ ದಿಟ್ಟಿಸಬಾರದು, ಮನ್‌ಸೊಕ್ ಕಣ್ಣು ತಗ್ಗಿಸಿದ. ತಗ್ಗಿಸಿದರೆ ಅಲ್ಲಿ, ಮೇಜಿನಡಿ, ತೊಡೆಯ ಮೇಲೆ ಎಡಗೈ ಬಿದ್ದಿದೆ, ಯಾರೋ ಬಸ್ಸಿನಲ್ಲಿ ಮರೆತುಹೋದ ಕೈಗವಸಿನ ಹಾಗೆ. ಹೋದ ವಸಂತದಲ್ಲಿ ಒಂದು ಬೆಳಗ್ಗೆ ಗಿರಾಕಿಯ ತಲೆಯಿಂದ ಬಾಚಣಿಗೆ ಜಾರಿತು, ಎತ್ತಲು ಹೋದರೆ ಕೈ ಬರಲಿಲ್ಲ, ಮಾತು ಕೆಲವು ದಿನ ತೊದಲಿತು, ಆಮೇಲೆ ಮಾತು ಬಂತು, ಕಾಲು ಬಂತು, ಕೈ ಬರಲೇ ಇಲ್ಲ. ಲಕ್ವ ಹೊಡೆದ ಮನೆ ಹುಡುಗಿ ಅಂದ್ರೆ ಯಾರು ತಗೋತಾರೆ, ರಕ್ತದಲ್ಲೇ ಇದೆ ಅಂತಾರೆ, ಹೇಳ್ಬೇಡ ಹ್ಯೆರಿಮ್, ತೀರಿಕೊಂಡ ನಿಮ್ಮಮ್ಮನ ಆಣೆ. ಅಪ್ಪಾ, ಗೊತ್ತಾಗದೆ ಇರುತ್ತಾ? ಊಟಕ್ಕೆ ಬಲಗೈ ಸಾಕಲ್ಲೇ, ಒಂದು ಹೊತ್ತು ತಾನೆ. ಕೋಟು ಮಡಿಸಿ ಎಡತೋಳಿನ ಮೇಲೆ ಹೊದಿಸಿಕೊಂಡು ಬಾಗಿಲಲ್ಲಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ್ದಾಯಿತು, ಕೂತದ್ದಾಯಿತು, ಎಷ್ಟು ಜಾಣ ಅಂದುಕೊಂಡಿದ್ದ — ಸೋಜು, ಊಟದ ಜೊತೆಯ ಮದ್ಯ, ಮರೆತೇಹೋಗಿತ್ತು. ಮರೆಯುವುದುಂಟೇ, ಹಿರಿಯರು ಬಗ್ಗಿಸುತ್ತಾರೆ, ಬಟ್ಟಲನ್ನು ಎರಡು ಕೈಯಲ್ಲಿ ಹಿಡಿಯಬೇಕು, ಆರು ವರ್ಷದ ಮಗುವಿಗೂ ಗೊತ್ತು, ಆರು ವರ್ಷದವನಿದ್ದಾಗಲೇ ದೊಡ್ಡಪ್ಪ ಕೊಟ್ಟ ಸೇಬುಹಣ್ಣಿಗೆ ಒಂದು ಕೈ ಚಾಚಿ ಅಮ್ಮನಿಂದ ತಿಂದ ಏಟು, ಒಂದೇ ಕೈಯೇನೋ, ನಾಯಿಗೆ ಎಸೆದ್ರಾ ನಿಂಗೆ? ಅಜ್ಜಿ ಚಮಚ ಎತ್ತಿದರು, ಎಲ್ಲರೂ ಎತ್ತಿದರು. ತೆಗ್ಯೊಂಗ್‌ನ ಅಣ್ಣನಿಗೆ ನೋಡಿದ ಮೊದಲ ಹುಡುಗಿ, ಆ ಹುಡುಗಿಯ ಸೋದರಮಾವ ಅಜ್ಜಿಗಿಂತ ಮುಂಚೆ ಸಾರು ಕುಡಿದ್ರಂತೆ ಅಪ್ಪಾ, ಅಷ್ಟಕ್ಕೇ ಸಂಬಂಧ ಬೇಡ ಅಂದ್ಬಿಟ್ರಂತೆ, ಹ್ಯೆರಿಮ್ ನಗುತ್ತ ಹೇಳಿದ್ದಳು, ಅವನಿಗೆ ನಗು ಬಂದಿರಲಿಲ್ಲ, ಈಗ ಅಜ್ಜಿ ಸೋಜು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾರೆ, ತಮ್ಮ ಮಗನಿಗೆ ಒಂದೇ ಕೈಯಲ್ಲಿ ಬಗ್ಗಿಸಿದರು, ಕೈ ಕಲ್ಲಿನ ಹಾಗೆ ಅಲುಗಲಿಲ್ಲ, ಹಿರಿಯರಿಗೆ ಒಂದು ಕೈ ಸಾಕು, ಎರಡು ಕೈಯಲ್ಲಿ ಬಗ್ಗಿಸಬೇಕಾದವರು ಕಿರಿಯರು, ಮಗ ಎರಡೂ ಕೈಯಲ್ಲಿ ತೆಗೆದುಕೊಂಡು ಮರ್ಯಾದೆಗೆ ಪಕ್ಕಕ್ಕೆ ತಿರುಗಿ ಕುಡಿದ. ವೈದ್ಯರು ಬೇಡ ಅಂದಿದ್ದಾರೆ ಅನ್ನಲೇ, ಯಾಕೆ ಅಂತ ಕೇಳುತ್ತಾರೆ, ಕುಡಿಯೋದೇ ಇಲ್ಲ ಅನ್ನಲೇ, ನನ್ನ ಕೈಯದು ಬೇಡ್ವಾ ಅಂತಾರೆ, ಎದ್ದು ಹೊರಗೆ ಹೋಗಲೇ — ಬನ್ನಿ ಬೀಗರೇ, ಅಂದರು ಅಜ್ಜಿ, ನಿಮ್ಮ ಮಗಳನ್ನ ಚೆನ್ನಾಗಿ ಬೆಳೆಸಿದೀರಿ, ನನ್ನ ಕೈಯಿಂದ ಒಂದು ಬಟ್ಟಲು.

ಬಟ್ಟಲು ಹಿಡಿದ ಬಲಗೈ ಮುಂದೆ ಹೋಯಿತು, ಒಂಟಿಯಾಗಿ, ಬೆತ್ತಲೆ. ಬಾಟಲಿ ಗಾಳಿಯಲ್ಲಿ ನಿಂತಿತು. ಹುಡುಗನ ಅಮ್ಮ ಕಿಮ್ಚಿ ಉಪ್ಪಿನಕಾಯಿಯ ತಟ್ಟೆಯನ್ನೇ ನೋಡುತ್ತಾಳೆ, ಯಾರೋ ಕೆಮ್ಮಿದರು, ಎಡಗೈಯೇ ಏಳು, ಒಂದು ಸಲ, ಇದೊಂದು ಸಲ, ಏಳಲಿಲ್ಲ, ಆಗ ಪಕ್ಕದಿಂದ ಏನೋ ಬೆಚ್ಚಗೆ ಮಣಿಕಟ್ಟಿನ ಕೆಳಗೆ ಬಂತು, ಅವನ ಕೈ ಇರಬೇಕಾದ ಜಾಗದಲ್ಲಿ ಹ್ಯೆರಿಮ್‌ಳ ಅಂಗೈ. ಇದೇನು ಹುಡುಗೀ, ಅಪ್ಪನ ಕೈ ನೀ ಹಿಡ್ಕೊಂಡಿದೀಯಾ? ಎಡಗೈ ಏಳಲ್ಲ ಅಜ್ಜಿ. ಲಕ್ವ. ಹೇಳ್ಬೇಡ ಅಂದಿದ್ರು ಅಪ್ಪ. ಹೇಳಿಯೇಬಿಟ್ಟಳು, ಅಮ್ಮನ ಆಣೆ, ಮುಗಿಯಿತು, ಈಗ ಬಾಟಲಿ ಕೆಳಗಿಡುತ್ತಾರೆ, ಊಟ ಮುಗಿಸಿ ಅಂತಾರೆ, ಹುಡುಗನ ಊರು ಆಂದೊಂಗ್‌ನಿಂದ ಮನೆಗೆ ಅಷ್ಟು ದೂರದ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾಳೆ, ಅವನೇನು ಹೇಳುವುದು. ಆ ಕೈ ತೆಗಿ, ಅಂದರು ಅಜ್ಜಿ. ಹ್ಯೆರಿಮ್ ತೆಗೆದಳು. ಮಣಿಕಟ್ಟು ತಣ್ಣಗಾಯಿತು. ಬಟ್ಟಲು ಅಲ್ಲೇ ಇದೆ, ಒಂದು ಕೈಯ ಬಟ್ಟಲು, ಅಜ್ಜಿ ಮೇಜಿನ ಮೇಲಿದ್ದ ತಮ್ಮ ಇನ್ನೊಂದು ಕೈಯನ್ನು ಎತ್ತುತ್ತಾರೆ, ಹೊಡೆಯಲಿಕ್ಕೋ, ಹೋಗಿ ಅನ್ನಲಿಕ್ಕೋ, ಕೈ ಬರುತ್ತಿದೆ, ಬಂತು, ಬಾಟಲಿಯ ತಳಕ್ಕೆ ಬಂತು, ಬಾಟಲಿ ಬಾಗಿತು, ಇದೇನು, ತನಗಿಂತ ಚಿಕ್ಕವನಿಗೆ ಯಾರಾದರೂ ಹೀಗೆ, ದಣಿವೋ, ಕರುಣೆಯೋ, ಅಥವಾ — ಹಸಿರು ಬಾಟಲಿ, ಅದರ ಸುತ್ತ ಎರಡು ಮುದಿ ಕೈ, ಎರಡೂ ಕೈ, ಎರಡೂ